ಪಕ್ಕದ ವಿಭಾಗದವರು

ಮದುವೆ, ಗೃಹಪ್ರವೇಶಗಳಲ್ಲಿ ಭೇಟಿಯಾಗುವ ಹಿರಿಯರು ನನ್ನನ್ನು ಕೇಳುವ ಪ್ರಶ್ನೆ ಈಗ ಬದಲಾಗಿದೆ. ಮೊದಲು, "ನಮ್ಮ ಹುಡುಗನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕೀತೇ?" ಎನ್ನುತ್ತಿದ್ದರು. ಈಗಿನ ಪ್ರಶ್ನೆ ಬೇರೆ: "ಸೇರಿ ಎಂಟು ವರ್ಷವಾಯಿತು, ರಾತ್ರಿ ಹನ್ನೊಂದರವರೆಗೂ ದುಡಿಯುತ್ತಾನೆ, ಆದರೂ ಬಡ್ತಿ ಇಲ್ಲವಲ್ಲ, ಕಾರಣವೇನು?" ಈ ವೃತ್ತಿಯಲ್ಲಿ ಇಪ್ಪತ್ತಾರು ವರ್ಷ ಕಳೆದ ನನಗೆ ತೋಚಿದ ಉತ್ತರವನ್ನು ತಂದೆತಾಯಿಗಳ ಮುಂದಿಡಬೇಕೆನಿಸಿತು.

ತಂತ್ರಾಂಶದ ಕೆಲಸವನ್ನು ಕಂಪನಿಗಳು ಹಂಚಿಕೊಂಡು ಮಾಡುತ್ತವೆ. ಪರದೆಯ ಮೇಲೆ ಕಾಣುವ ಪುಟವನ್ನು ಬರೆಯುವವರು ಒಬ್ಬರು, ದತ್ತಾಂಶವನ್ನು ಕಾಯುವವರು ಇನ್ನೊಬ್ಬರು, ಪರೀಕ್ಷಿಸುವವರು ಮತ್ತೊಬ್ಬರು, ಗ್ರಾಹಕರ ದೂರುಗಳಿಗೆ ಉತ್ತರಿಸುವವರು ಬೇರೆಯೇ. ಸೇರಿದ ಮೊದಲ ನಾಲ್ಕಾರು ವರ್ಷ ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರೆ ಸಾಕು. ಆ ಮೇಲಿನ ಮೆಟ್ಟಿಲು ಹಾಗಲ್ಲ. ಅನೇಕ ದೊಡ್ಡ ಕಂಪನಿಗಳಲ್ಲಿ ಬಡ್ತಿಯನ್ನು ನಿರ್ಣಯಿಸುವ ಸಮಿತಿಯಲ್ಲಿ ಅಭ್ಯರ್ಥಿಯ ವಿಭಾಗದವರಲ್ಲದವರೂ ಇರುತ್ತಾರೆ. ಅವರು ಇತರ ವಿಭಾಗಗಳವರ ಅಭಿಪ್ರಾಯವನ್ನು ತರಿಸಿ ನೋಡುತ್ತಾರೆ. ತನ್ನ ಕೊಠಡಿಯ ಹೊರಗೆ ಯಾರಿಗೂ ಪರಿಚಯವಿಲ್ಲದವನ ಶ್ರಮ ಅಲ್ಲಿ ಮೂಕವಾಗಿಬಿಡುತ್ತದೆ.

ಇದಕ್ಕೆ ನಮ್ಮ ವೃತ್ತಿಯ ಇತಿಹಾಸದಲ್ಲಿಯೇ ಒಂದು ಸೊಗಸಾದ ನಿದರ್ಶನವುಂಟು. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಲ್ಯಾಬ್ಸ್ ಸಂಸ್ಥೆಯು 1969ರಲ್ಲಿ ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹೊರಬಂದಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಹೊಸ ಕಾರ್ಯವ್ಯವಸ್ಥೆಯೊಂದನ್ನು ರಚಿಸಲು ಗಣಕಯಂತ್ರ ಕೊಡಿಸಿರೆಂದು ಕೇಳಿದರೆ ಮೇಲಿನವರು ಒಪ್ಪಲಿಲ್ಲ. ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಯಂತ್ರದ ಮೇಲೆಯೇ ಥಾಂಪ್ಸನ್ ಕೆಲಸ ಆರಂಭಿಸಿದರು. ಮುಂದೆ ಅವರ ಗುಂಪು ಕೋರಿಕೆಯ ರೂಪವನ್ನೇ ಬದಲಿಸಿತು. ಕಾರ್ಯವ್ಯವಸ್ಥೆಯ ಮಾತನ್ನು ಬದಿಗಿಟ್ಟು, ದಸ್ತಾವೇಜುಗಳನ್ನು ಬರೆದು ತಿದ್ದಿ ಅಚ್ಚುಕಟ್ಟಾಗಿ ಮುದ್ರಿಸುವ ವ್ಯವಸ್ಥೆಯನ್ನು ಮಾಡಿಕೊಡುತ್ತೇವೆ ಎಂದಿತು. 1970ರಲ್ಲಿ ಪಿಡಿಪಿ-11 ಯಂತ್ರ ಬಂದಿತು.

ಅದೇ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಅಂಥದೊಂದು ವ್ಯವಸ್ಥೆ ಬೇಕಾಗಿತ್ತು. ಅವರು ಮಾರುಕಟ್ಟೆಯಲ್ಲಿ ಹುಡುಕುತ್ತಿದ್ದರು. 1971ರ ಉತ್ತರಾರ್ಧದಲ್ಲಿ ಆ ವಿಭಾಗದ ಮೂವರು ಬೆರಳಚ್ಚುಗಾರರು ಈ ಯಂತ್ರದ ಮೇಲೆ ದಿನವಿಡೀ ಪೇಟೆಂಟ್ ಅರ್ಜಿಗಳನ್ನು ಸಿದ್ಧಪಡಿಸತೊಡಗಿದರು. ಡಿಸ್ಕ್‌ನ ಸಾಮರ್ಥ್ಯ ಕೇವಲ ಅರ್ಧ ಮೆಗಾಬೈಟ್. ಸಂಶೋಧಕರೂ ಅದೇ ಯಂತ್ರದ ಮೇಲೆ ತಮ್ಮ ಪ್ರಯೋಗ ನಡೆಸಬೇಕು; ಒಂದು ಹೊಸ ಪ್ರೋಗ್ರಾಂ ಎಡವಿದರೆ ಇಡೀ ಯಂತ್ರ ನಿಂತು ಬೆರಳಚ್ಚುಗಾರರ ಶ್ರಮ ಹಾಳಾಗುವ ಭಯ. ಆ ಇಕ್ಕಟ್ಟಿನಲ್ಲಿ ಕಲಿತ ಎಚ್ಚರ ಎಷ್ಟಿರಬೇಕು! ಕೊನೆಗೆ ಪೇಟೆಂಟ್ ವಿಭಾಗ ಅದನ್ನೇ ಸ್ವೀಕರಿಸಿತು, ಆ ಬಲದಿಂದ ಗುಂಪಿಗೆ ಇನ್ನೂ ಸಮರ್ಥವಾದ ಪಿಡಿಪಿ-11/45 ಯಂತ್ರ ಮಂಜೂರಾಯಿತು. ಹೀಗೆ ಬೆಳೆದದ್ದೇ ಯುನಿಕ್ಸ್. ಥಾಂಪ್ಸನ್ ಮತ್ತು ರಿಚಿ ಇಬ್ಬರಿಗೂ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಯುನಿಕ್ಸ್ ಮಾದರಿಯಲ್ಲಿ ರೂಪುಗೊಂಡ ಲಿನಕ್ಸ್ ಇಂದು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೂ ಇದೆ. ಅವರ ಪ್ರತಿಭೆಯ ಬಗೆಗೆ ಎರಡು ಮಾತಿಲ್ಲ. ಆದರೆ ಹಣದ ಗಂಟು ಬಿಚ್ಚಿಸಿದ್ದು ಪಕ್ಕದ ವಿಭಾಗದ ಬೆರಳಚ್ಚುಗಾರರ ಸಂತೃಪ್ತಿ.

ಅಂಥ ಮಹನೀಯರ ಸಾಲಿನಲ್ಲಿ ನಿಲ್ಲುವ ಸಾಹಸ ನನಗೆ ಬೇಡ. ಆದರೂ ಬೆಂಗಳೂರಿನ ಒಂದು ಕಂಪನಿಯಲ್ಲಿ ನನಗಾದ ಅನುಭವವನ್ನು ಹೇಳಬಹುದು. 2009ರಲ್ಲಿ ನಾನು ಬಿಲ್ ಸಿದ್ಧಪಡಿಸುವ ತಂತ್ರಾಂಶದ ವಿಭಾಗದಲ್ಲಿದ್ದೆ. ಬಿಲ್ಲಿನ ಮೊತ್ತಕ್ಕೂ ಲೆಕ್ಕಪತ್ರದ ಮೊತ್ತಕ್ಕೂ ಒಂದೆರಡು ಪೈಸೆ ವ್ಯತ್ಯಾಸವೆಂದು ಗ್ರಾಹಕರ ದೂರು ಪದೇ ಪದೇ ಬರುತ್ತಿತ್ತು. ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಯೊಬ್ಬರು, ಅವರು ಮಹಿಳೆ, ನನ್ನೊಡನೆ ಕುಳಿತು ಪರಿಶೀಲಿಸಲು ಒಪ್ಪಿದರು. ಕಾರಣ ಬಹು ಸರಳ. ಮೂರು ವಸ್ತುಗಳಿಗೆ ತಲಾ 10 ರೂಪಾಯಿ 12.4 ಪೈಸೆ ತೆರಿಗೆ ಎನ್ನೋಣ. ನಮ್ಮ ವಿಭಾಗ ಪ್ರತಿ ಸಾಲಿನಲ್ಲಿಯೂ ಪೈಸೆಯ ಚೂರನ್ನು ಬಿಟ್ಟು ಕೂಡಿಸುತ್ತಿತ್ತು: 30 ರೂಪಾಯಿ 36 ಪೈಸೆ. ಅವರದು ಮೊದಲು ಕೂಡಿಸಿ ಕೊನೆಗೆ ಚೂರನ್ನು ಬಿಡುತ್ತಿತ್ತು: 30 ರೂಪಾಯಿ 37 ಪೈಸೆ. ಇಬ್ಬರ ಲೆಕ್ಕವೂ ಸರಿ, ಗ್ರಾಹಕನ ಪಾಲಿಗೆ ಎರಡೂ ತಪ್ಪು! ಲೆಕ್ಕವನ್ನು ಒಂದೇ ಕಡೆ ಮಾಡಬೇಕೆಂದು ಎರಡು ವಿಭಾಗಗಳನ್ನೂ ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಬರೆಯಬೇಕಾದ ತಂತ್ರಾಂಶ ಮೂರು ದಿನದ್ದು. ದೂರುಗಳು ನಿಂತವು.

ಆ ವರ್ಷದ ಮೌಲ್ಯಮಾಪನದಲ್ಲಿ ನನ್ನ ಮುಖ್ಯಸ್ಥರು ನಕ್ಕು, "ಮನೆಗೆ ಮಾರಿ, ಊರಿಗೆ ಉಪಕಾರಿ ಆದಿರಲ್ಲ" ಎಂದರು. ಅನ್ಯ ವಿಭಾಗಕ್ಕಾಗಿ ಮಾಡಿದ ಕೆಲಸಕ್ಕೆ ಅವರ ನಮೂನೆಯಲ್ಲಿ ಕಲಮೇ ಇರಲಿಲ್ಲ. ಬಡ್ತಿ ತಪ್ಪಿತು. ಮರುವರ್ಷ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು ತಾವಾಗಿಯೇ ಬರೆದ ಪತ್ರ ಸಮಿತಿಯ ಮುಂದೆ ಬಂದಿತು, ನನಗೆ ಬಡ್ತಿಯಾಯಿತು. ನನ್ನೊಡನೆ ಸರಿಸಮಾನವಾಗಿ ದುಡಿದ ಆ ಸಹೋದ್ಯೋಗಿಗೆ ಆಗಲಿಲ್ಲ. ಅದೇ ಕೆಲಸವನ್ನು ನನ್ನ ಹೆಸರಿನಲ್ಲಿ "ನೇತೃತ್ವ" ಎಂದೂ ಅವರ ಹೆಸರಿನಲ್ಲಿ "ಸಹಾಯ" ಎಂದೂ ದಾಖಲಿಸಿದ್ದರು. ನಾನು ಲಿಖಿತವಾಗಿ ಆಕ್ಷೇಪಿಸಿದೆ. ಉತ್ತರ ಬರುವ ಮೊದಲೇ ಅವರು ಬೇರೆ ಕಂಪನಿ ಸೇರಿದರು. ಹೆಣ್ಣುಮಕ್ಕಳು ಮಾಡಿದ ಸಹಕಾರವನ್ನು ಅವರ ಸ್ವಭಾವವೆಂದು ಎಣಿಸಿ ಲೆಕ್ಕಕ್ಕೆ ಹಿಡಿಯದಿರುವುದು ಮನೆಯಲ್ಲಷ್ಟೇ ಅಲ್ಲ, ಕಚೇರಿಯಲ್ಲಿಯೂ ಇದೆ.

ಆದುದರಿಂದ ಕಿರಿಯರು ಕೇಳಿದಾಗ ನಾನು "ಎಲ್ಲರಿಗೂ ನೆರವಾಗಿ" ಎಂದು ಹೇಳುವುದಿಲ್ಲ. ಕರೆದಲ್ಲಿಗೆಲ್ಲ ಹೋಗುವವನಿಗೆ ಬಿಡುವಿಲ್ಲದ ದುಡಿಮೆ ಸಿಕ್ಕೀತು, ಬಡ್ತಿ ಸಿಗದು. ಎರಡೂ ವಿಭಾಗಗಳನ್ನು ಕಾಡುವ ಒಂದೇ ಒಂದು ತೊಂದರೆಯನ್ನು ಆರಿಸಿಕೊಳ್ಳಬೇಕು. ಕೈಹಾಕುವ ಮೊದಲೇ ತನ್ನ ಮುಖ್ಯಸ್ಥರಿಗೆ ತಿಳಿಸಿ, ಅದು ವರ್ಷದ ಗುರಿಗಳಲ್ಲಿ ಸೇರುವಂತೆ ನೋಡಿಕೊಳ್ಳಬೇಕು. ಯಾರು ಯಾವ ಭಾಗ ಮಾಡಿದರೆಂದು ಹೆಸರುಸಹಿತ ಬರೆದಿಡಬೇಕು, ಜೊತೆಗಾರರ ಹೆಸರನ್ನು ಮೊದಲು ಬರೆದರೆ ಇನ್ನೂ ಲೇಸು.

ಪುಣೆಯಲ್ಲಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಫೋನ್ ಮಾಡಿ, "ಮಾಮಾ, ಪರೀಕ್ಷಣಾ ವಿಭಾಗದವರು ನನ್ನನ್ನು ಒಂದು ಜಂಟಿ ಕೆಲಸಕ್ಕೆ ಕರೆಯುತ್ತಿದ್ದಾರೆ, ಹೋಗಲೇ?" ಎಂದು ಕೇಳಿದಳು. ಹೋಗು, ಆದರೆ ನಿನ್ನ ಮುಖ್ಯಸ್ಥರಿಂದ ಮೊದಲು ಒಂದು ಸಾಲಿನ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೋ ಎಂದೆ. ಕೇಳಿದ್ದಾಳಂತೆ, ಉತ್ತರ ಇನ್ನೂ ಬಂದಿಲ್ಲ.