ಮನೆಯವರೆಲ್ಲ ಕೂಡಿ ಕೇಳಿದ ನಾಟಕ

ಒಂದೇ ಮನೆಯಲ್ಲಿ ವಾಸಮಾಡುವವರೆಲ್ಲರೂ ಕೂಡಿ ಬಾಳುವವರೆಂದು ಹೇಳಲಾಗದು. ಒಂದೇ ಒಲೆಯ ಅನ್ನವನ್ನುಂಡು ಒಂದೇ ಸೂರಿನ ಕೆಳಗೆ ಮಲಗಿಯೂ, ಒಬ್ಬರ ಮನಸ್ಸನ್ನು ಇನ್ನೊಬ್ಬರು ಅರಿಯದೆ ತಿಂಗಳುಗಟ್ಟಲೆ ಕಳೆಯುವುದು ಈ ಕಾಲದ ಸಂಸಾರಗಳಲ್ಲಿ ಅಪರೂಪವೇನಲ್ಲ. ಪರರ ಮಾತೇಕೆ? ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಸ್ಥಿತಿಯೇ ಹಾಗಿತ್ತು. ಅದು ಹೇಗೆ ಸ್ವಲ್ಪಮಟ್ಟಿಗೆ ಬದಲಾಯಿತೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಾವು ಧಾರವಾಡದವರು. ಬಾಸೆಲ್ ಮಿಶನ್ನಿನ ಕಾಲದಿಂದಲೂ ನಮ್ಮ ಹಿರಿಯರು ಕ್ರೈಸ್ತರು. ಸಂಜೆಯ ದೀಪ ಹೊತ್ತಿದೊಡನೆ ಮನೆಯವರೆಲ್ಲ ಕೂಡಿ ಒಂದು ಗೀತೆ ಹಾಡಿ, ಸತ್ಯವೇದದ ಒಂದು ಅಧ್ಯಾಯವನ್ನೋದಿ, ಪ್ರಾರ್ಥಿಸುವುದು ಅವರಿಂದ ನಮಗೆ ಬಂದ ರೂಢಿ. ತಂದೆಯವರು ತೀರಿಕೊಂಡ ಮೇಲೆ ಓದುವ ಭಾರವು ನಮ್ಮ ತಾಯಿಯವರದಾಯಿತು. ಅವರು ಓದಿದರೆ ಮಕ್ಕಳು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಆದರೆ ಕಣ್ಣಿನೊಳಗಿನ ಒತ್ತಡವು ಹೆಚ್ಚುವ ಬೇನೆಯಿಂದ ಅವರ ದೃಷ್ಟಿಯು ಕ್ರಮಕ್ರಮವಾಗಿ ಕುಂದಿ, ಕಡೆಗೆ ಬೆಳಕು ಕತ್ತಲೆಗಳ ಭೇದವಷ್ಟೇ ತಿಳಿಯುವಂತಾಯಿತು. ಓದುವ ಸರದಿ ನಮಗೆ ಬಂದಿತು. ನಾವು ಓದಿದ್ದು ಅವಸರದ ಓದು. ಮಕ್ಕಳು ವೇದಪುಸ್ತಕದ ಮರೆಯಲ್ಲಿ ಮೊಬೈಲನ್ನು ನೋಡುವರು. ನಾವು ಕಂಡೂ ಕಾಣದಂತಿರುವೆವು. ಅರ್ಧ ಗಂಟೆಯ ಪ್ರಾರ್ಥನೆಯು ಹತ್ತು ನಿಮಿಷವಾಯಿತು. ಹತ್ತು ನಿಮಿಷವು ಭಾನುವಾರಕ್ಕೆ ಮಾತ್ರ ಉಳಿಯಿತು. ತಾಯಿಯವರ ಹಾಸಿಗೆಯ ಬಳಿ ಒಂದು ರೇಡಿಯೋವನ್ನಿರಿಸಿ, ನಮ್ಮ ಕರ್ತವ್ಯವು ತೀರಿತೆಂದು ತಿಳಿದೆವು.

ಒಂದು ರಾತ್ರಿ ಅವರ ಕೋಣೆಯ ಮುಂದೆ ಹಾದುಹೋಗುವಾಗ, ಅವರು ಕತ್ತಲೆಯಲ್ಲಿ ಬಾಯಿಪಾಠವಾಗಿದ್ದ ಒಂದು ಕೀರ್ತನೆಯನ್ನು ಹೇಳಿಕೊಳ್ಳುತ್ತಿರುವುದು ಕೇಳಿಸಿತು. ನಡುವೆ ಒಂದು ಸಾಲು ಮರೆತುಹೋಯಿತೆಂದು ತೋರುತ್ತದೆ; ನಿಲ್ಲಿಸಿದರು. ಪಕ್ಕದಲ್ಲಿ ಕುಳಿತವರಾರೋ ಮುಂದಿನ ಮಾತನ್ನು ಎತ್ತಿಕೊಡುವರೆಂದು ಕಾಯುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಎತ್ತಿಕೊಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆ ಮೌನವು ನಮಗೆ ಮಾಡಿದಷ್ಟು ನಾಚಿಕೆಯನ್ನು ಯಾರ ಬೈಗುಳವೂ ಮಾಡಿರಲಾರದು.

ಮರುದಿನ ಊಟವಾದ ಮೇಲೆ ಮಕ್ಕಳನ್ನು ಕರೆದು ಅವರ ಬಳಿ ಕುಳಿತೆವು. ಮಾತು ರೇಡಿಯೋದ ಕಡೆಗೆ ತಿರುಗಿತು. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ಸಂಗತಿಯನ್ನು ಹಲವರು ಬಲ್ಲರು. ನಮ್ಮ ಧಾರವಾಡದ ನಿಲಯವು ತೆರೆದುದು ೧೯೫೦ರ ಜನವರಿ ೮ರಂದು. ಆಗ ತಾಯಿಯವರು ಹತ್ತು ವರ್ಷದ ಹುಡುಗಿ. ಮನೆಯಲ್ಲಿ ರೇಡಿಯೋ ಇರಲಿಲ್ಲ. ನೆರೆಮನೆಯ ಕಿಟಕಿಯ ಹೊರಗೆ ನಿಂತು ನಾಟಕಗಳನ್ನು ಕೇಳುತ್ತಿದ್ದರಂತೆ. “ನೋಡೋ ನಾಟಕದಾಗ ರಾಜ ಒಬ್ಬನ ಇರ್ತಾನ, ಕೇಳೋ ನಾಟಕದಾಗ ಎಷ್ಟು ಮಂದಿ ಕೇಳ್ತಾರೋ ಅಷ್ಟು ಮಂದಿ ರಾಜರು,” ಎಂದು ಅವರು ನಕ್ಕರು. ಬಹು ದಿನಗಳ ಮೇಲೆ ಕೇಳಿದ ನಗೆ ಅದು. ಕಾಲೇಜಿನಲ್ಲಿ ಓದುವ ನಮ್ಮ ಹಿರಿಯ ಮಗಳು ಅಂದೇ ನಿಶ್ಚಯಿಸಿದಳು: ವಾರಕ್ಕೊಂದು ಸಂಜೆ ಎಲ್ಲರೂ ಅಜ್ಜಿಯ ಕೋಣೆಯಲ್ಲಿ ಕೂಡಿ ನಾಟಕ ಕೇಳತಕ್ಕದ್ದು.

ಮೊದಲು ಕೇಳಿದುದು, ಅಮೇರಿಕದಲ್ಲಿ ೧೯೯೭ರಲ್ಲಿ ತಯಾರಾಗಿ ಪೀಬಾಡಿ ಪ್ರಶಸ್ತಿಯನ್ನು ಪಡೆದ, ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹೋಫರರ ಚರಿತ್ರೆಯ ನಾಟಕ. ಹಿಟ್ಲರನ ವಿರುದ್ಧದ ಒಳಸಂಚಿನಲ್ಲಿ ಸೇರಿ, ೧೯೪೩ರಲ್ಲಿ ಸೆರೆಯಾಗಿ, ೧೯೪೫ರ ಏಪ್ರಿಲ್ ೯ರಂದು ಗಲ್ಲಿಗೇರಿದ ಈ ಮಹನೀಯರು ಗಾಂಧೀಜಿಯವರ ಆಶ್ರಮದಲ್ಲಿ ಕೆಲಕಾಲ ಇರಬೇಕೆಂದು ಬಯಸಿದ್ದರು. ೧೯೩೪ರಲ್ಲಿ ಗಾಂಧೀಜಿಯವರು ಬರಬಹುದೆಂದು ಉತ್ತರವನ್ನೂ ಬರೆದಿದ್ದರು. ಆದರೆ ಮರುವರ್ಷ ತಮ್ಮ ದೇಶದ ಪಾದ್ರಿಗಳನ್ನು ತರಬೇತುಗೊಳಿಸುವ ಹೊಣೆ ಹೆಗಲಿಗೆ ಬಿದ್ದುದರಿಂದ ಬರಲಾಗಲಿಲ್ಲ. ನಾಟಕವು ಮಕ್ಕಳನ್ನು ಹಿಡಿದು ಕೂರಿಸಿತು. ಆದರೆ ಒಂದು ಲೋಪವಿತ್ತು: ತಾಯಿಯವರಿಗೆ ಇಂಗ್ಲಿಷ್ ಬಾರದು. ಯಾರಿಗಾಗಿ ಕೂಡಿದೆವೋ ಅವರೇ ಅರ್ಥವಾಗದ ದನಿಗಳ ನಡುವೆ ತಾಳ್ಮೆಯಿಂದ ಕುಳಿತಿದ್ದರು.

ಆಗ ಮಗಳು ಒಂದು ಉಪಾಯವನ್ನು ಮಾಡಿದಳು. ದೃಶ್ಯವು ಮುಗಿದೊಡನೆ ಧ್ವನಿಯನ್ನು ನಿಲ್ಲಿಸಿ, ನಡೆದುದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವುದು, ಬಳಿಕ ಮುಂದುವರಿಸುವುದು. ಈ ಏರ್ಪಾಡಿನ ಮೇಲೆ ನಾವು ಕ್ರಿಸ್ಮಸ್ಸಿನ ಹಿಂದಿನ ವಾರ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದೆವು. ಡೊರೊತಿ ಸೇಯರ್ಸರು ಕ್ರಿಸ್ತನ ಜೀವನವನ್ನು ಕುರಿತು ಬರೆದ ಹನ್ನೆರಡು ಬಾನುಲಿ ನಾಟಕಗಳ ಮಾಲೆಯನ್ನು ಈಸ್ಟರ್ ಹಬ್ಬದೊಳಗಾಗಿ ಕೇಳಿ ಮುಗಿಸುವುದೆಂದು ಸಂಕಲ್ಪಿಸಿದೆವು. ‘ಅರಸನಾಗಲೆಂದು ಹುಟ್ಟಿದವನು’ ಎಂದು ಅದರ ಹೆಸರನ್ನು ಕನ್ನಡಿಸಬಹುದು.

ಈ ಮಾಲೆಯ ಪೂರ್ವವೃತ್ತಾಂತವೇ ಒಂದು ಕಥೆ. ಸೇಯರ್ಸರು ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು. ಬಿ.ಬಿ.ಸಿ.ಯವರು ೧೯೪೦ರಲ್ಲಿ ಮಕ್ಕಳ ಕಾರ್ಯಕ್ರಮಕ್ಕಾಗಿ ನಾಟಕಗಳನ್ನು ಬರೆದುಕೊಡಬೇಕೆಂದು ಕೇಳಿದಾಗ, ಕ್ರಿಸ್ತನೇ ಪಾತ್ರವಾಗಿ ಮಾತಾಡಬೇಕು, ಶಿಷ್ಯರು ನಿತ್ಯದ ಆಡುಮಾತನ್ನೇ ಆಡಬೇಕು ಎಂದು ಆಕೆ ಪಟ್ಟುಹಿಡಿದರು. ಮಕ್ಕಳಿಗೆ ಕೆಲವು ಮಾತುಗಳು ತಿಳಿಯಲಾರವೆಂದು ಆ ವಿಭಾಗದವರು ತಿದ್ದಹೋದಾಗ ಕರಾರುಪತ್ರವನ್ನೇ ಹರಿದುಹಾಕಿದರು. ಕಡೆಗೆ ಧಾರ್ಮಿಕ ವಿಭಾಗದ ಜೇಮ್ಸ್ ವೆಲ್ಷರು ನಡುವೆ ಬಂದು, ವಾಲ್ ಗೀಲ್ಗುಡ್ಡರ ನಿರ್ದೇಶನದಲ್ಲಿ ನಾಟಕಗಳು ಸಿದ್ಧವಾದವು. ೧೮೪೩ರ ಕಾನೂನಿನ ಮೇರೆಗೆ ನಾಟಕಗಳನ್ನು ಪರಿಶೀಲಿಸುತ್ತಿದ್ದ ಅಧಿಕಾರಿಯು ರಂಗಸ್ಥಳದಲ್ಲಿ ಕ್ರಿಸ್ತನ ವೇಷ ಹಾಕುವುದಕ್ಕೆ ಆಗ ಅನುಮತಿ ಕೊಡುತ್ತಿರಲಿಲ್ಲ. ಬಾನುಲಿಯಲ್ಲಿ ವೇಷವಿಲ್ಲ, ದನಿಯಷ್ಟೇ, ಆದುದರಿಂದ ತಡೆಯಿರಲಿಲ್ಲ. ಆದರೆ ೧೯೪೧ರ ಡಿಸೆಂಬರ್ ೧೦ರಂದು ಪತ್ರಕರ್ತರ ಮುಂದೆ ಕೆಲವು ಭಾಗಗಳನ್ನು ಓದಿದೊಡನೆ ಕೋಲಾಹಲವಾಯಿತು. ಸುಂಕದ ಮತ್ತಾಯನ ಬಾಯಲ್ಲಿ ಲಂಡನ್ನಿನ ಬೀದಿಮಾತು ಬಂದುದೇ ದೊಡ್ಡ ಅಪರಾಧವೆನಿಸಿತು. ಲಾರ್ಡ್ಸ್ ಡೇ ಅಬ್ಸರ್ವೆನ್ಸ್ ಸೊಸೈಟಿಯವರು ಇದನ್ನು ನಿಲ್ಲಿಸಲೇಬೇಕೆಂದು ಚಳವಳಿ ಹೂಡಿದರು. ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆ ಬಂದಿತು. ಆದರೂ ಡಿಸೆಂಬರ್ ೨೧ರಂದು ಮೊದಲನೆಯ ನಾಟಕವು ಪ್ರಸಾರವಾಗಿ, ಮರುವರ್ಷದ ಅಕ್ಟೋಬರಿನಲ್ಲಿ ಹನ್ನೆರಡನೆಯದು ಮುಗಿಯಿತು. ಕ್ರಿಸ್ತನ ದನಿ ರಾಬರ್ಟ್ ಸ್ಪೇಟ್ ಎಂಬ ನಟರದು. ನಡುವೆ ಸಿಂಗಪುರವು ಜಪಾನೀಯರ ವಶವಾದಾಗ, ಅದು ಈ ನಾಟಕಗಳ ಪಾಪಫಲವೆಂದವರೂ ಇದ್ದರು! ಮುಂದೆಯೂ ಬಿ.ಬಿ.ಸಿ.ಯವರು ಈ ಮಾಲೆಯನ್ನು ಹೊಸದಾಗಿ ನಿರ್ಮಿಸಿದುದುಂಟು.

ಲಂಡನ್ನಿನ ಆ ಕೋಲಾಹಲದ ಒಂದು ಮರಿಯು ನಮ್ಮ ಮನೆಯಲ್ಲಿಯೂ ಹುಟ್ಟಿತು. ಸಭೆಯ ಹಿರಿಯರಾದ ನಮ್ಮ ಅಣ್ಣನವರು ಸುದ್ದಿಯನ್ನು ಕೇಳಿ ಬಂದು, “ದೇವರ ವಾಕ್ಯಕ್ಕೆ ನಟನ ನಾಲಗೆ ಬೇಕೇನು? ಪ್ರಾರ್ಥನೆಯ ಹೊತ್ತಿಗೆ ನಾಟಕ ಕೇಳುವ ಮನೆಯು ನಾಳೆ ಪ್ರಾರ್ಥನೆಯನ್ನೇ ನಾಟಕ ಮಾಡೀತು,” ಎಂದರು. ಈ ಮಾತನ್ನು ನಾವು ಹಗುರಾಗಿ ತಳ್ಳಿಹಾಕಲಿಲ್ಲ. ಕಲ್ಪನೆಯನ್ನು ಶ್ರುತಿಯೆಂದು ಭ್ರಮಿಸುವ ಅಪಾಯವು ನಿಜವಾಗಿಯೂ ಇದೆ. ಆದುದರಿಂದ ಒಂದು ಕಟ್ಟಳೆಯನ್ನು ಮಾಡಿಕೊಂಡೆವು. ನಾಟಕವು ಮುಗಿದ ಮೇಲೆ ಸುವಾರ್ತೆಯ ಅದೇ ಭಾಗವನ್ನೋದುವುದು. ಯಾವುದು ವೇದದ್ದು, ಯಾವುದು ಕವಿಯದು ಎಂದು ಮಕ್ಕಳೇ ವಿಂಗಡಿಸುವುದು.

ಇದರಿಂದಾದ ಲಾಭವು ನಾವು ಎಣಿಸಿದ್ದಕ್ಕಿಂತ ಹೆಚ್ಚಿನದು. ಮೊದಲನೆಯ ನಾಟಕದಲ್ಲಿ ಹೆರೋದನ ಅರಮನೆಯಲ್ಲಿ ಪ್ರಾಕ್ಲಸನೆಂಬ ಎಳೆಯ ರೋಮನ್ ಅಧಿಕಾರಿಯೊಬ್ಬನಿದ್ದಾನೆ. ಆತನೇ ಮುಂದೆ ಆಳಿನ ಸ್ವಸ್ಥತೆಯನ್ನು ಬೇಡಿದ ಶತಾಧಿಪತಿಯಾಗಿ, ಕಡೆಗೆ ಶಿಲುಬೆಯ ಬಳಿಯಲ್ಲಿಯೂ ಕಾಣಿಸಿಕೊಳ್ಳುತ್ತಾನೆ. ಸುವಾರ್ತೆಯಲ್ಲಿ ಇವರೆಲ್ಲ ಒಬ್ಬನೇ ಎಂದಿಲ್ಲವೆಂಬುದನ್ನು ಹದಿಮೂರು ವರ್ಷದ ನಮ್ಮ ಮಗನು ಹುಡುಕಿ ತೋರಿಸಿದನು. ವೇದಪುಸ್ತಕದ ಮರೆಯಲ್ಲಿ ಮೊಬೈಲು ನೋಡುತ್ತಿದ್ದವನೇ ಈಗ ನಾಲ್ಕು ಸುವಾರ್ತೆಗಳನ್ನು ಬಿಚ್ಚಿಟ್ಟುಕೊಂಡು ಹೋಲಿಸತೊಡಗಿದ್ದನು. “ಪಿಲಾತನು ನಿಜವಾಗಿ ಇದ್ದನೇ?” ಎಂದು ಒಮ್ಮೆ ಕೇಳಿದನು. ಕೈಸರೈಯದಲ್ಲಿ ೧೯೬೧ರಲ್ಲಿ ಸಿಕ್ಕಿದ, ಪಿಲಾತನ ಹೆಸರನ್ನು ಕೊರೆದ ಕಲ್ಲಿನ ಚಿತ್ರವನ್ನು ತೋರಿಸಿದೆವು. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತನು. ಕಥೆಯೆಂದು ಕೇಳಿದುದು ಚರಿತ್ರೆಯಾಗುವ ಗಳಿಗೆ ಅದು.

ಭಾಷೆಯ ಪ್ರಶ್ನೆಯಂತೂ ಮಗಳನ್ನು ಕಾಡಿತು. ಅಜ್ಜಿಗೆ ಹೇಳುವಾಗ ವೇದದ ಗಂಭೀರ ಕನ್ನಡದಲ್ಲಿ ಹೇಳಬೇಕೇ, ಮನೆಯ ಮಾತಿನಲ್ಲಿ ಹೇಳಬೇಕೇ? ಮೊದಲೆರಡು ವಾರ ಗ್ರಂಥಭಾಷೆಯಲ್ಲಿ ತಡವರಿಸಿದಳು. ತಾಯಿಯವರು ಸುಮ್ಮನೆ ಹೂಂಗುಟ್ಟಿದರು. ನಾಲ್ಕನೆಯ ನಾಟಕದಲ್ಲಿ ಮತ್ತಾಯನು ಫಿಲಿಪ್ಪನನ್ನು ಗದರಿಸುವ ದೃಶ್ಯವು ಬಂದಾಗ ಅವಳಿಗೆ ತಡೆಯಲಾಗಲಿಲ್ಲ. “ಆ ಫಿಲಿಪ್ಪಗ ಯಾರೋ ಛಲೋ ಟೊಪ್ಪಿಗಿ ಹಾಕ್ಯಾರ ಅಜ್ಜಿ, ಮತ್ತಾಯ ಬಯ್ಯಾಕ ಹತ್ಯಾನ!” ಎಂದುಬಿಟ್ಟಳು. ತಾಯಿಯವರು ಗಟ್ಟಿಯಾಗಿ ನಕ್ಕು, “ಹಂಗಾರ ಅವರೂ ನಮ್ಮಂಥವರ ಅನ್ನು,” ಎಂದರು. ಎಂಬತ್ತು ವರ್ಷ ಆ ಹೆಸರುಗಳನ್ನು ಭಕ್ತಿಯಿಂದ ಉಚ್ಚರಿಸಿದವರು ಅಂದು ಮೊದಲ ಬಾರಿಗೆ ಅವರನ್ನು ನೆರೆಮನೆಯವರಂತೆ ಕಂಡರು. ಲಂಡನ್ನಿನಲ್ಲಿ ಸೇಯರ್ಸರು ಏತಕ್ಕಾಗಿ ಹಟಹಿಡಿದರೆಂಬುದು ಧಾರವಾಡದಲ್ಲಿ ಕುಳಿತ ನಮಗೆ ಆಗ ತಿಳಿಯಿತು.

ಎಂಟನೆಯ ನಾಟಕದ ದಿನ ಅಣ್ಣನವರು ಬಂದರು. ಒಳಗೆ ಬಾರದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಅದರಲ್ಲಿ ಯೂದನು ನೀಚನಾದ ಹಣಬಾಕನಲ್ಲ, ಬುದ್ಧಿವಂತ. ಗುರುವು ರಾಜಕೀಯದ ಕ್ರಾಂತಿಕಾರರೊಡನೆ ಸೇರಿಕೊಂಡನೋ ಎಂಬ ಸಂಶಯವು ಅವನಿಗೆ ಅಂಟಿದೆ. ಬಾರೂಕನೆಂಬ ದಂಗೆಗಾರನು, ಯುದ್ಧವಾದರೆ ಕುದುರೆಯನ್ನೂ ಸಮಾಧಾನವಾದರೆ ಕತ್ತೆಯನ್ನೂ ಏರಿಬರಬೇಕೆಂದು ಸಂದೇಶ ಕಳುಹಿಸಿದ್ದಾನೆ. ಯೇಸುವು ಕತ್ತೆಯನ್ನೇರಿ ಬರುತ್ತಾನೆ. ಅದೇ ದಂಗೆಯ ನಿರಾಕರಣೆಯ ಗುರುತು. ಯೂದನಾದರೋ ಅದನ್ನೇ ಒಪ್ಪಂದದ ಗುರುತೆಂದು ತಪ್ಪಾಗಿ ತಿಳಿಯುತ್ತಾನೆ. ಬಾರೂಕನು ಸುವಾರ್ತೆಯಲ್ಲಿಲ್ಲ, ಕವಿಯ ಸೃಷ್ಟಿ. ಆದರೆ ತನ್ನ ಬುದ್ಧಿಯನ್ನೇ ನಂಬಿ ಸ್ನೇಹಿತನನ್ನು ಒಂದು ಮಾತೂ ಕೇಳದೆ ತೀರ್ಪುಕೊಡುವವನು ಎಲ್ಲಿಲ್ಲ? ಮಗನ ಕಣ್ಣಲ್ಲಿ ನೀರು ಬಂದಿತು. “ಒಮ್ಮೆ ಕೇಳಿದ್ದರೆ ಸಾಕಿತ್ತಲ್ಲ,” ಎಂದನು. ಯಾರೂ ಉತ್ತರ ಕೊಡಲಿಲ್ಲ. ಹೋಗುವಾಗ ಅಣ್ಣನವರು, “ನಾಟಕ ನಾಟಕವೇ. ಆದರೆ ಇನ್ನು ಮೇಲೆ ಯೂದನ ಹೆಸರನ್ನು ಓದುವಾಗ ಅಷ್ಟು ಬೇಗ ಮುಂದೆ ಹೋಗಲಾರೆ,” ಎಂದರು. ಅವರ ಆಕ್ಷೇಪಣೆಯು ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಹೋಗಬೇಕೆಂಬ ಹಟವೂ ನಮಗಿಲ್ಲ.

ಶುಭ ಶುಕ್ರವಾರದ ಸಂಜೆ ಹನ್ನೊಂದನೆಯ ನಾಟಕವನ್ನು ಕೇಳಿದೆವು. ಅದರಲ್ಲಿ ಪಿಲಾತನ ಹೆಂಡತಿಯು ತಾನು ಕಂಡ ಕನಸನ್ನು ಗಂಡನಿಗೆ ಹೇಳುತ್ತಾಳೆ. ಲೋಕದ ನಾನಾ ಭಾಷೆಗಳಲ್ಲಿ, ಮುದುಕರೂ ಮಕ್ಕಳೂ, ಯುಗಯುಗಗಳಲ್ಲಿಯೂ ತನ್ನ ಗಂಡನ ಹೆಸರನ್ನೇ ಉಚ್ಚರಿಸುತ್ತಿರುವುದನ್ನು ಆಕೆ ಕೇಳಿದ್ದಾಳೆ. ವಿಶ್ವಾಸಪ್ರಮಾಣದಲ್ಲಿ ನಾವು ಪ್ರತಿ ಭಾನುವಾರ ಹೇಳುವ ಮಾತೇ ಅದು. ಒಂದರ ಮೇಲೊಂದು ಪರಭಾಷೆಯ ದನಿಗಳು ಕೇಳಿಬಂದವು. ಮಗಳು ನಿಲ್ಲಿಸಿ ಹೇಳಬೇಕೆಂದು ಕೈನೀಡಿದಳು. ಅಷ್ಟರಲ್ಲಿ ತಾಯಿಯವರು, ಯಾರೂ ಹೇಳದೆಯೇ ಅರಿತುಕೊಂಡು, ಆ ಸಾಲನ್ನು ಕನ್ನಡದಲ್ಲಿ ಮೆಲ್ಲಗೆ ಉಚ್ಚರಿಸಿದರು. ಅಷ್ಟೊಂದು ಅಪರಿಚಿತ ಶಬ್ದಗಳ ನಡುವೆ ಪಿಲಾತನ ಹೆಸರೊಂದನ್ನೇ ಅವರ ಕಿವಿಯು ಹಿಡಿದಿತ್ತು. ಹೇಳಿ ನಿಲ್ಲಿಸಿದರು. ಈ ಸಲ ಮುಂದಿನ ಮಾತನ್ನು ಎತ್ತಿಕೊಡಲು ಪಕ್ಕದಲ್ಲಿ ಮೊಮ್ಮಗನಿದ್ದನು. ಬಳಿಕ ನಾವೆಲ್ಲರೂ ದನಿಗೂಡಿಸಿ ಕೊನೆಯವರೆಗೆ ಹೇಳಿದೆವು. ನಾಟಕದ ಉಳಿದ ಭಾಗವನ್ನು ಆ ರಾತ್ರಿ ಕೇಳಲಿಲ್ಲ, ಮರುದಿನ ಕೇಳಿದೆವು.

ನಮ್ಮ ಮನೆಯ ದೋಷಗಳೆಲ್ಲ ತೀರಿದವೆಂದು ಯಾರೂ ತಿಳಿಯಬಾರದು. ಕೆಲವು ವಾರ ಕೆಲಸದ ನೆಪದಿಂದ ತಪ್ಪಿದ್ದೇವೆ. ಮಕ್ಕಳ ಮೊಬೈಲುಗಳು ಹೊಳೆಗೆ ಬಿದ್ದಿಲ್ಲ. ಆದರೆ ಸಂಜೆಯ ಓದು ಪುನಃ ನಿತ್ಯದ್ದಾಗಿದೆ. ಈಗ ಓದುವವನು ಮಗ. ಕೇಳುವವರಿದ್ದಾರೆಂದು ತಿಳಿದಾಗ ಓದು ತಾನಾಗಿಯೇ ನಿಧಾನವಾಗುವುದೆಂಬುದನ್ನು ಅವನಿಂದ ನಾವು ಕಲಿತೆವು.

ಈ ಮಾರ್ಗವನ್ನು ಹಿಡಿಯಬಯಸುವ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೇ. ಒಂದು ಸಂಜೆಗೆ ಒಂದೇ ನಾಟಕ ಸಾಕು. ಮನೆಯಲ್ಲಿ ಯಾರಿಗೆ ತಿಳಿಯುವುದು ಕಷ್ಟವೋ ಅವರ ಪಕ್ಕದಲ್ಲಿಯೇ ಕುಳಿತುಕೊಳ್ಳಿರಿ. ಅವರಿಗಾಗಿ ನಿಲ್ಲಿಸಿ ಹೇಳುವ ಹೊತ್ತು ವ್ಯರ್ಥವೆಂದೆಣಿಸಬೇಡಿರಿ. ಮುಗಿದ ಮೇಲೆ ಮೂಲಗ್ರಂಥವನ್ನು ತೆರೆಯಿರಿ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರವು ತಿಳಿಯದಿದ್ದರೆ ತಿಳಿಯದೆಂದೇ ಹೇಳಿ, ಕೂಡಿ ಹುಡುಕಿರಿ. ಕಣ್ಣಿದ್ದವರು ಕಣ್ಣಿಲ್ಲದವರಿಗೆ ದಾರಿತೋರಿಸುವುದು ಲೋಕದ ರೂಢಿ. ನಮ್ಮ ಮನೆಯಲ್ಲಾದರೋ ಕಣ್ಣಿಲ್ಲದ ಒಬ್ಬ ವೃದ್ಧೆಯ ನಿಮಿತ್ತವಾಗಿ ಕಣ್ಣಿದ್ದ ನಾಲ್ವರು ಒಂದೇ ಕಡೆಗೆ ಕಿವಿಗೊಡುವುದನ್ನು ಕಲಿತೆವು.