ಎಮ್ಮಾ ಅವರ ಬಲಗೈ

ಪಿಯಾನೊ ವಾದಕಿ ಸ್ವೀಟ್ ಎಮ್ಮಾ ಬ್ಯಾರೆಟ್ ತಮ್ಮ ತಂಡದೊಂದಿಗೆ 1964ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಕೊಟ್ಟ ಕಛೇರಿಯ ಧ್ವನಿಮುದ್ರಿಕೆ ಕೇಳುತ್ತಿದ್ದೇನೆ. ಏಳೇ ಜನ, ಎಲ್ಲರೂ ನ್ಯೂ ಆರ್ಲಿಯನ್ಸ್‌ನಲ್ಲಿ ನುಡಿಸುತ್ತಿದ್ದವರು. ಬಾಸ್ ಹಿಡಿದ ಪಾವಜೋ ಅವರಿಗೆ ಎಪ್ಪತ್ತು ದಾಟಿತ್ತು. ಪರ್ಸಿ ಹಂಫ್ರಿಯ ಟ್ರಂಪೆಟ್ ಹಾಡನ್ನು ಎತ್ತಿಕೊಂಡರೆ, ಅಣ್ಣ ವಿಲ್ಲಿಯ ಕ್ಲಾರಿನೆಟ್ ಅದರ ಸುತ್ತಲೇ ಹೆಣೆಯುತ್ತದೆ, ಟ್ರಾಂಬೋನ್ ಕೆಳಗಿನಿಂದ ಉತ್ತರ ಕೊಡುತ್ತದೆ. ಮೂವರೂ ಒಟ್ಟಿಗೇ ಮಾತಾಡುತ್ತಾರೆ, ಒಬ್ಬರ ಮಾತೂ ಮುಚ್ಚಿಹೋಗುವುದಿಲ್ಲ! ಇದು ವರ್ಷಗಟ್ಟಲೆ ಜೊತೆಗೆ ನುಡಿಸಿದವರಿಗೆ ಮಾತ್ರ ದಕ್ಕುವ ಸಲುಗೆ.

ಜಾಸ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲೇ ಇಂಥವರಿಗೆ ಕೆಲಸ ಕಡಿಮೆಯಾಗಿತ್ತು. 1961ರಲ್ಲಿ ಅಲ್ಲಿ ಶುರುವಾದ ಪ್ರಿಸರ್ವೇಶನ್ ಹಾಲ್ ಎಂಬ ಕಛೇರಿ ತಾಣ ಅವರನ್ನು ಮತ್ತೆ ಕರೆದು ಕೂರಿಸಿತು. ಪುಟ್ಟ ಕೋಣೆ, ಮೈಕ್ ಇಲ್ಲ, ಮದ್ಯವಿಲ್ಲ. ಜನ ನೆಲದ ಮೇಲೆ ಕೂತು ಕೇಳುತ್ತಿದ್ದರು. ಕುರುಡರಾಗಿದ್ದ ಡೀ ಡೀ ಪಿಯರ್ಸ್ ಅಲ್ಲೇ ಟ್ರಂಪೆಟ್ ನುಡಿಸಿದರು, ಪಿಯಾನೊಗೆ ಹೆಂಡತಿ ಬಿಲ್ಲಿ.

ಎಮ್ಮಾ ಕಾಲಿಗೆ ಗಂಟೆ ಕಟ್ಟಿಕೊಂಡು ತಾಳ ಹಾಕುತ್ತಿದ್ದವರು. 1967ರಲ್ಲಿ ಪಾರ್ಶ್ವವಾಯು ಬಡಿದು ಎಡಗೈ ಸ್ವಾಧೀನ ತಪ್ಪಿತು. ಆಮೇಲೂ ಹಾಲ್‌ಗೆ ಬಂದು ಬಲಗೈ ಒಂದರಲ್ಲೇ ನುಡಿಸಿದರು. ಪಿಯಾನೊದಲ್ಲಿ ಲಯ ಕಾಯುವುದು ಎಡಗೈ. ತಂಡದಲ್ಲಾದರೆ ಬಾಸ್, ಬ್ಯಾಂಜೊ, ಡ್ರಮ್ ಅದನ್ನು ಹೊತ್ತುಕೊಳ್ಳುತ್ತವೆ. ಜಾಸ್ ಗೊತ್ತಿಲ್ಲದವರೂ 1964ರ ಆ ಮುದ್ರಿಕೆಯಿಂದ ಶುರುಮಾಡಿ, ದಯವಿಟ್ಟು.