ಹೊಗೆಯ ಪರಿಮಳದ ಊರು ಬಾಂಬೆರ್ಗ್

ಜರ್ಮನಿಯ ನ್ಯೂರೆಂಬರ್ಗ್ ನಗರದಿಂದ ಉತ್ತರಕ್ಕೆ ಹೊರಟ ರೈಲು ಒಂದು ಗಂಟೆಯೊಳಗೆ ಪ್ರವಾಸಿಗನನ್ನು ಬಾಂಬೆರ್ಗಿಗೆ ತಂದಿಳಿಸುತ್ತದೆ. ರೋಮಿನಂತೆ ಏಳು ಬೆಟ್ಟಗಳ ಮೇಲೆ ಹರಡಿದ ಈ ಪುಟ್ಟ ಪಟ್ಟಣವು ಕಣ್ಣಿಗಿಂತ ಮೊದಲು ಮೂಗಿಗೆ ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ. ಗಾಳಿ ಅನುಕೂಲವಾಗಿ ಬೀಸಿದ ದಿನ, ನಿಲ್ದಾಣದ ಸಮೀಪದ ಕೆಂಪು ಇಟ್ಟಿಗೆಯ ಕಾರ್ಖಾನೆಯಿಂದ ಹುರಿದ ಧಾನ್ಯದ ಕಂಪು ತೇಲಿ ಬರುತ್ತದೆ. ಅದು 1879ರಲ್ಲಿ ಸ್ಥಾಪಿತವಾದ ವೈಯರ್‌ಮನ್ ಮಾಲ್ಟ್ ಕಾರ್ಖಾನೆ. ಬಿಯರ್ ತಯಾರಿಸುವವರಿಗಾಗಿ ಇಲ್ಲಿಯ ಮಾಲ್ಟು ದೇಶದೇಶಗಳಿಗೆ ಹೋಗುತ್ತದೆ.

ಬಾಂಬೆರ್ಗಿನ ಹಳೆಯ ಬಿಯರ್‌ಮನೆಗಳನ್ನು ಕಾಣಲು ಮಾರ್ಗದರ್ಶಕನ ಅವಶ್ಯಕತೆಯಿಲ್ಲ. ಕೈಯಲ್ಲೊಂದು ನಕ್ಷೆ, ಕಾಲಿಗೆ ಗಟ್ಟಿಯಾದ ಪಾದರಕ್ಷೆ ಇದ್ದರೆ ಸಾಕು. ಕುಡಿಯುವ ಅಭ್ಯಾಸವಿಲ್ಲದವರಿಗೂ ಈ ನಡಿಗೆ ನಿಷ್ಪ್ರಯೋಜಕವಲ್ಲ. ಜಗತ್ತೆಲ್ಲ ಕೈಬಿಟ್ಟ ಒಂದು ರುಚಿಯನ್ನು ಒಂದು ಊರು ಹೇಗೆ ಉಳಿಸಿಕೊಂಡಿತೆಂಬುದು ದಾರಿಯುದ್ದಕ್ಕೂ ತಾನಾಗಿ ತಿಳಿದುಬರುತ್ತದೆ.

ಎದುರುಬದುರಾದ ಎರಡು ಮನೆಗಳು

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಓಬೆರೆ ಕ್ಯೋನಿಗ್‌ಸ್ಟ್ರಾಸೆ ಎಂಬ ಬೀದಿ. ಇಲ್ಲಿ ಎರಡು ಬಿಯರ್‌ಮನೆಗಳು ಎದುರುಬದುರಾಗಿ ನಿಂತಿವೆ. ಒಂದು 1536ರಷ್ಟು ಹಿಂದಿನ ಷ್ಪೆತ್ಸಿಯಾಲ್. ಇನ್ನೊಂದು, ಮೂವತ್ತು ವರ್ಷಗಳ ಘೋರ ಯುದ್ಧ ಮುಗಿದ ಮರುವರ್ಷ, 1649ರಲ್ಲಿ ಆರಂಭವಾದ ಫೆಸ್ಲಾ. ಪೀಪಾಯಿಯನ್ನು ಉರುಳಿಸುವ ಕುಳ್ಳನೊಬ್ಬ ಫೆಸ್ಲಾದ ಲಾಂಛನ. ಎರಡು ಮನೆಗಳ ನಡುವೆ ಒಂದು ಬೀದಿಯ ಅಗಲವಷ್ಟೇ ಅಂತರ. ಶತಮಾನಗಳಿಂದ ಎರಡೂ ಬಾಳಿಕೊಂಡು ಬಂದಿವೆ. ಫೆಸ್ಲಾದ ಬಿಯರು ಹೊಗೆಯ ಸೋಂಕಿಲ್ಲದ್ದು. ಬಾಂಬೆರ್ಗಿನ ಹೆಸರನ್ನು ದೂರ ದೂರಕ್ಕೆ ಒಯ್ದ ಹೊಗೆಯ ಬಿಯರನ್ನು ಕಾಣಬೇಕಾದರೆ ಬೀದಿ ದಾಟಿ ಷ್ಪೆತ್ಸಿಯಾಲಿಗೆ ಹೋಗಬೇಕು.

ಈ ಹೊಗೆ ಬಂದುದಾದರೂ ಎಲ್ಲಿಂದ? ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ ಮಕ್ಕಳಿಗೆ ಮಾಲ್ಟ್ ಮಾಡುವ ಕ್ರಮವನ್ನು ಗೃಹಿಣಿಯರೆಲ್ಲ ಬಲ್ಲರು. ಬಿಯರಿಗಾಗಿ ಬಾರ್ಲಿಯನ್ನೂ ಹಾಗೆಯೇ ಮೊಳಕೆ ಬರಿಸಿ ಒಣಗಿಸಬೇಕು. ನಮ್ಮ ಬಿಸಿಲು ಅಲ್ಲಿಲ್ಲದ ಕಾರಣ ಒಣಗಿಸಲು ಬೆಂಕಿಯೇ ಗತಿ. ಸೌದೆಯ ಉರಿಯ ಮೇಲೆ ಒಣಗಿದ ಕಾಳು ಹೊಗೆಯನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಒಂದಾನೊಂದು ಕಾಲದಲ್ಲಿ ಯೂರೋಪಿನ ಬಹುಪಾಲು ಬಿಯರು ಹೊಗೆವಾಸನೆಯದೇ ಆಗಿತ್ತು. ಕಾಳಿಗೆ ಹೊಗೆ ತಾಗದಂತೆ ಬರಿಯ ಬಿಸಿಗಾಳಿಯಿಂದ ಒಣಗಿಸುವ ಗೂಡುಗಳು ಬಂದ ಮೇಲೆ ಊರೂರುಗಳೂ ಹಳೆಯ ಪದ್ಧತಿಯನ್ನು ಬಿಟ್ಟುವು. ಬಾಂಬೆರ್ಗಿನಲ್ಲಿ ಷ್ಪೆತ್ಸಿಯಾಲ್ ಮತ್ತು ಷ್ಲೆಂಕರ್ಲಾ ಎಂಬ ಎರಡು ಮನೆಗಳು ಮಾತ್ರ ಅದನ್ನು ಬಿಡಲಿಲ್ಲ. ಇಂದಿಗೂ ಅವು ತಮ್ಮ ಗೂಡುಗಳಲ್ಲಿ ಬೀಚ್ ಮರದ ಸೌದೆಯನ್ನು ಉರಿಸಿ ತಮ್ಮ ಮಾಲ್ಟನ್ನು ತಾವೇ ಒಣಗಿಸಿಕೊಳ್ಳುತ್ತವೆ. ಹೊಸತನ್ನು ಕಂಡುಹಿಡಿದುದರಿಂದ ಬಂದ ಕೀರ್ತಿಯಲ್ಲ ಇದು. ಹಳೆಯದನ್ನು ಬಿಡದೆ ಉಳಿದುದರ ಫಲ.

ನದಿಯ ನಡುವಿನ ಪುರಭವನ

ಅಲ್ಲಿಂದ ಸೇತುವೆ ದಾಟಿದರೆ ತರಕಾರಿ ಮಾರುಕಟ್ಟೆ. ಇಲ್ಲಿಯ ತೋಟಗಾರರ ಈರುಳ್ಳಿ ಎಷ್ಟು ಪ್ರಸಿದ್ಧವೆಂದರೆ ಊರಿನವರಿಗೆ ‘ಈರುಳ್ಳಿ ತುಳಿಯುವವರು’ ಎಂಬ ಅಡ್ಡಹೆಸರೇ ಬಿದ್ದಿದೆ. ಮುಂದೆ ರೆಗ್ನಿಟ್ಸ್ ನದಿಯ ನಡುವೆ ಹಳೆಯ ಪುರಭವನ ನಿಂತಿದೆ. ಪುರಭವನಕ್ಕೆ ಅಂಗುಲ ನೆಲವನ್ನೂ ಕೊಡೆನೆಂದು ಬಿಷಪ್ಪನು ಹಟ ಹಿಡಿದಾಗ ಪೌರರು ನೀರಿನಲ್ಲಿಯೇ ಮರದ ಕಂಬಗಳನ್ನು ನೆಟ್ಟು ಅದನ್ನು ಕಟ್ಟಿದರೆಂದು ಐತಿಹ್ಯ. ಅದರ ಗೋಡೆಗಳ ತುಂಬ ವರ್ಣಚಿತ್ರಗಳು. ಒಂದೆಡೆ ಚಿತ್ರದೊಳಗಿನ ದೇವಶಿಶುವಿನ ಕಾಲೊಂದು ಶಿಲ್ಪವಾಗಿ ಗೋಡೆಯಿಂದ ಹೊರಚಾಚಿದೆ. ಮಕ್ಕಳು ಅದನ್ನು ಕಂಡು ನಗದೆ ಮುಂದೆ ಹೋಗುವುದಿಲ್ಲ.

ಬಿಷಪ್ಪರೆಲ್ಲರೂ ಅಡ್ಡಿ ಮಾಡಿದವರೇ ಎನ್ನುವಂತಿಲ್ಲ. ಮಾಲ್ಟು, ಹಾಪ್ಸ್ ಹೂವು, ನೀರು ಇವಿಷ್ಟರಿಂದಲೇ ಬಿಯರು ಮಾಡತಕ್ಕದ್ದೆಂಬ ಕಟ್ಟಳೆ ಇಲ್ಲಿಯ ಬಿಷಪ್ ದೊರೆಯ ಆಡಳಿತದಲ್ಲಿ 1489ರಲ್ಲಿಯೇ ಹೊರಟಿತು. ಲೋಕಪ್ರಸಿದ್ಧವಾದ ಬವೇರಿಯದ ಶುದ್ಧತೆಯ ಕಾನೂನು ಬಂದುದು 1516ರಲ್ಲಿ. ಬಾಂಬೆರ್ಗಿನವರು ಈ 27 ವರ್ಷಗಳ ಹಿರಿತನವನ್ನು ಅತಿಥಿಗಳಿಗೆ ನೆನಪಿಸಲು ಮರೆಯುವುದಿಲ್ಲ.

ಷ್ಲೆಂಕರ್ಲಾ

ಸೇತುವೆಯಿಂದ ಕೆಲವೇ ಹೆಜ್ಜೆಗಳಲ್ಲಿ ಡೊಮಿನಿಕಾನರ್‌ಸ್ಟ್ರಾಸೆ. ಮರದ ಅಡ್ಡಪಟ್ಟಿಗಳ ಗೋಡೆಯ ಷ್ಲೆಂಕರ್ಲಾ ಇರುವುದು ಇಲ್ಲಿಯೇ. ಈ ಮನೆಯ ಉಲ್ಲೇಖ 1405ರ ದಾಖಲೆಯಲ್ಲಿಯೇ ಇದೆ. ಹಿಂದಿನ ಯಜಮಾನನೊಬ್ಬ ನಡೆಯುವಾಗ ಓಲಾಡುತ್ತಿದ್ದುದರಿಂದ ಜನ ವಿನೋದಕ್ಕಾಗಿ ಕರೆದ ಹೆಸರೇ ಮನೆಗೆ ನಿಂತಿತಂತೆ. ಇಂದು ಅದನ್ನು ನಡೆಸುತ್ತಿರುವುದು ಒಂದೇ ಕುಟುಂಬದ ಆರನೆಯ ತಲೆಮಾರು.

ಒಳಗೆ ತಗ್ಗು ಚಾವಣಿ, ಕಪ್ಪಡರಿದ ತೊಲೆಗಳು, ಉದ್ದದ ಮರದ ಮೇಜುಗಳು. ಮೇಜು ಯಾರೊಬ್ಬರಿಗೂ ಮೀಸಲಲ್ಲ. ಅಪರಿಚಿತರು ಸರಿದು ಜಾಗ ಮಾಡಿಕೊಡುತ್ತಾರೆ. ಮರದ ಪೀಪಾಯಿಯಿಂದ ನೇರವಾಗಿ ಇಳಿಸಿದ ಬಿಯರು ಕಡುಗಂದು ಬಣ್ಣದ್ದು. ಸೌದೆ ಒಲೆಯ ಮೇಲೆ ಕಾಯಿಸಿದ ಹಾಲಿನಲ್ಲಿ ಹೊಗೆ ಹೊಕ್ಕಿದ್ದನ್ನು ಬಲ್ಲವರಿಗೆ ಇದರ ವಾಸನೆ ತೀರ ಅಪರಿಚಿತವೆನಿಸದು. ಮೊದಲ ಗುಟುಕಿಗೆ ಮುಖ ಕಿವುಚುವವರೇ ಬಹಳ. ಎರಡನೆಯ ಲೋಟದಲ್ಲಿ ಅಭ್ಯಾಸವಾಗುತ್ತದೆ, ಮೂರನೆಯದರಲ್ಲಿ ರುಚಿಸುತ್ತದೆ ಎಂದು ಸ್ಥಳೀಯರು ಸಮಾಧಾನ ಹೇಳುತ್ತಾರೆ. ಅರ್ಧ ಲೀಟರಿನ ಲೋಟ ಮೂರಾದರೆ ಮುಂದಿನ ನಡಿಗೆಯೂ ಓಲಾಟವಾದೀತೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ!

ಒಂದು ಫೆನಿಗ್ಗಿನ ಜಗಳ

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಲ್ಲಿ ಅರವತ್ತಕ್ಕೂ ಮಿಕ್ಕಿ ಬಿಯರ್‌ಮನೆಗಳಿದ್ದುವು. ಇಂದು ಉಳಿದಿರುವುದು ಹತ್ತರ ಆಸುಪಾಸು. 2008ರಲ್ಲಿಯೂ ಹಳೆಯ ಮನೆಯೊಂದು ಬಾಗಿಲು ಹಾಕಿತು. ದೊಡ್ಡ ಕಾರ್ಖಾನೆಗಳ ಅಗ್ಗದ ಸರಕಿನ ಎದುರು ಇಷ್ಟಾದರೂ ಉಳಿದುದು ಹೇಗೆ? ಯಜಮಾನರ ಹಟದಷ್ಟೇ ಗಿರಾಕಿಗಳ ಹಟವೂ ಅದಕ್ಕೆ ಕಾರಣವೆಂದು 1907ರ ‘ಬಿಯರ್ ಯುದ್ಧ’ ಸಾರುತ್ತದೆ. ಆ ವರ್ಷ ತಯಾರಕರೆಲ್ಲ ಸೇರಿ ಅರ್ಧ ಲೀಟರಿನ ಬೆಲೆಯನ್ನು ಹತ್ತು ಫೆನಿಗ್ಗಿನಿಂದ ಹನ್ನೊಂದಕ್ಕೆ ಏರಿಸಿದರು. ಕುಪಿತರಾದ ಪೌರರು ಊರಿನ ಬಿಯರನ್ನೇ ಬಹಿಷ್ಕರಿಸಿ, ನೆರೆಯ ಫೋರ್ಕ್‌ಹೈಮಿನಿಂದ ತರಿಸಿ ಕುಡಿದರು. ಕೆಲವೇ ದಿನಗಳಲ್ಲಿ ತಯಾರಕರು ಸೋತು ಹಳೆಯ ಬೆಲೆಗೆ ಮರಳಿದರು. ಒಂದು ಕಾಸಿಗಾಗಿ ಇಷ್ಟು ಹೋರಾಡಿದವರಿಗೆ ಬಿಯರು ವಿಲಾಸದ ವಸ್ತುವಾಗಿರಲಿಲ್ಲ, ಅನ್ನದಂತೆ ದಿನನಿತ್ಯದ್ದಾಗಿತ್ತು. ತಮ್ಮದೆಂದು ಜಗಳವಾಡುವ ಜನರಿರುವವರೆಗೆ ಒಂದು ಊರಿನ ಕಸಬು ಸುಲಭವಾಗಿ ಅಳಿಯುವುದಿಲ್ಲ.

ನೆಲಮಾಳಿಗೆಗೆ ಹತ್ತಿ ಹೋಗುವುದು

ನಡಿಗೆಯ ಕೊನೆಯ ಹಂತ ಷ್ಟೆಫನ್ಸ್‌ಬೆರ್ಗ್ ಬೆಟ್ಟದ ಏರು. ಯಂತ್ರದ ತಂಪು ಇಲ್ಲದ ಕಾಲದಲ್ಲಿ ಬಿಯರನ್ನು ಈ ಬೆಟ್ಟಗಳ ಮರಳುಕಲ್ಲಿನಲ್ಲಿ ಕೊರೆದ ಸುರಂಗಗಳಲ್ಲಿ ಕಾಪಿಡುತ್ತಿದ್ದರು. ಮೇಲಿನ ನೆಲ ಕಾಯದಿರಲೆಂದು ಅಗಲವಾದ ಎಲೆಗಳ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮರಗಳ ನೆರಳಿಗೆ ಮೇಜುಗಳು ಬಂದುವು, ಮೇಜುಗಳಿಗೆ ಜನ ಬಂದರು. ಆದ್ದರಿಂದಲೇ ಬಾಂಬೆರ್ಗಿನವರು ನೆಲಮಾಳಿಗೆಗೆ ಇಳಿದು ಹೋಗುವುದಿಲ್ಲ, ಹತ್ತಿ ಹೋಗುತ್ತಾರೆ!

ಬೇಸಿಗೆಯ ಸಂಜೆ ಷ್ಪೆತ್ಸಿಯಾಲ್‌ನವರ ಬೆಟ್ಟದ ತೋಟದಲ್ಲಿ ಅಜ್ಜ ಅಜ್ಜಿಯರು, ದಂಪತಿಗಳು, ಓಡಾಡುವ ಮಕ್ಕಳು ಎಲ್ಲರೂ ಕಾಣುತ್ತಾರೆ. ಕೆಳಗೆ ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಬಹುಮಟ್ಟಿಗೆ ಪಾರಾಗಿ, 1993ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿದ ಹಳೆಯ ಊರು. ಅದರ ಮೇಲೆ ಮಹಾ ದೇವಾಲಯದ ನಾಲ್ಕು ಗೋಪುರಗಳು. ಕಲ್ಲಿನ ಗೋಪುರಗಳನ್ನು ಕಾಯಲು ಸರಕಾರವಿದೆ, ಯುನೆಸ್ಕೋ ಇದೆ. ಲೋಟದಲ್ಲಿರುವ ಹೊಗೆಯ ರುಚಿಯನ್ನು ಕಾಯುವವರು ಗೂಡಿಗೆ ಸೌದೆ ಹಾಕುವ ಕೆಲವರು, ಮತ್ತು ಸಂಜೆಯಾದೊಡನೆ ಬೆಟ್ಟ ಹತ್ತಿ ಬರುವ ಈ ಜನ.